ಮಳೆಗಾಲಕ್ಕೆ ಎರಡನೆಯ ಇಂಟರ್‌ನೆಟ್ ಸಂಪರ್ಕ: ಆರಿಸುವ ಬಗೆ

ಅಡಿಕೆ ಮೂಟೆಯನ್ನು ತಕ್ಕಡಿಗೇರಿಸಿ, ತೂಕ ಬರೆದುಕೊಂಡು, ಆ ದಿನದ ಧಾರಣೆ ಹೇಳಿ, ಕೈಗೆ ಚೀಟಿ ಕೊಟ್ಟರೆ ವ್ಯವಹಾರ ಮುಗಿಯಿತೆನ್ನುವ ಕಾಲ ಹಿಂದೆ ಸರಿದಿದೆ. ಈಗ ಖರೀದಿಯ ಬಿಲ್ಲು ಕಂಪ್ಯೂಟರಿನಲ್ಲಿ ಹುಟ್ಟಬೇಕು, ಹಣ ಬ್ಯಾಂಕಿನ ಮೂಲಕ ಬೆಳೆಗಾರರ ಖಾತೆಗೆ ಸೇರಬೇಕು. 2014ರಲ್ಲಿ ಏಕೀಕೃತ ಮಾರುಕಟ್ಟೆ ವೇದಿಕೆ ಆರಂಭವಾದಂದಿನಿಂದ ನಮ್ಮ ರಾಜ್ಯದ ಕೃಷಿ ಉತ್ಪನ್ನ ಮಾರುಕಟ್ಟೆಗಳಲ್ಲಿ ಟೆಂಡರು ಆನ್‌ಲೈನ್ ಆಗುತ್ತ ಬಂದಿದೆ. 2018ರ ಏಪ್ರಿಲ್ 1ರಿಂದ ರಾಜ್ಯದೊಳಗಿನ ಸಾಗಾಣಿಕೆಗೂ ಇ-ವೇ ಬಿಲ್ ಬೇಕಾಗಿದೆ. ಪ್ರಾಥಮಿಕ ಕೃಷಿ ಪತ್ತಿನ ಸಹಕಾರ ಸಂಘಗಳನ್ನು ಗಣಕೀಕರಿಸುವ ಯೋಜನೆಗೆ ಕೇಂದ್ರ ಸರಕಾರ 2022ರಲ್ಲಿ ಒಪ್ಪಿಗೆ ನೀಡಿದ ಮೇಲೆ ಸಾಲದ ಲೆಕ್ಕವೂ ಅದೇ ದಾರಿ ಹಿಡಿದಿದೆ. ಇವೆಲ್ಲಕ್ಕೂ ಆಧಾರವಾಗಿರುವುದು ಒಂದೇ ಎಳೆ. ಮಲೆನಾಡಿನಲ್ಲಿ ಆ ಎಳೆ ಮರಗಳ ಸಂದಿಯಲ್ಲಿ, ಕಂಬದಿಂದ ಕಂಬಕ್ಕೆ ತೂಗಾಡುತ್ತ ಬರುತ್ತದೆ.

ಅಡಿಕೆ, ಕಾಳುಮೆಣಸಿನ ಹವಾಮಾನ ಆಧಾರಿತ ಬೆಳೆ ವಿಮೆಯ ವಿಷಯವನ್ನೇ ತೆಗೆದುಕೊಳ್ಳೋಣ. ನೋಂದಣಿ ನಡೆಯುವುದು ಸಂರಕ್ಷಣೆ ಎಂಬ ಸರಕಾರಿ ಜಾಲತಾಣದಲ್ಲಿ. ಅದರ ಕೊನೆಯ ದಿನ ಸಾಮಾನ್ಯವಾಗಿ ಬೀಳುವುದು ಜೂನ್ ಇಲ್ಲವೇ ಜುಲೈ ತಿಂಗಳಲ್ಲಿ, ಅಂದರೆ ಮರ ಉರುಳುವ, ತಂತಿ ಹರಿಯುವ, ಕರೆಂಟು ದಿನಗಟ್ಟಲೆ ಬಾರದಿರುವ ದಿನಗಳಲ್ಲಿಯೇ. ಅತಿಮಳೆಯಿಂದ ರಕ್ಷಣೆ ಕೊಡಬೇಕಾದ ವಿಮೆಯನ್ನು ಅದೇ ಮಳೆಯ ದೆಸೆಯಿಂದ ಮಾಡಿಸಲಾಗದೆ ಹೋದರೆ ಆ ವರ್ಷದ ಕೊಳೆರೋಗದ ನಷ್ಟವನ್ನು ಬೆಳೆಗಾರರು ತಾವೇ ಹೊರಬೇಕಾಗುತ್ತದೆ. ಆದ್ದರಿಂದ ಎರಡನೆಯ ಸಂಪರ್ಕದ ಮಾತು ಪಟ್ಟಣದ ದೊಡ್ಡ ಕಛೇರಿಗಳಿಗೆ ಸೇರಿದ್ದೆಂದು ನಾವು ಭಾವಿಸುವುದಿಲ್ಲ.

ಹಾಗೆಂದು ಪ್ರತಿಯೊಂದು ಮನೆಗೂ ಎರಡೆರಡು ಸಂಪರ್ಕ ಹಾಕಿಸಬೇಕೆಂದು ನಾವು ಹೇಳುತ್ತಿಲ್ಲ. ಎರಡು ಎಕರೆ ತೋಟದ ಮನೆಗೆ ಒಂದು ಸಂಪರ್ಕ, ಜೊತೆಗೆ ಕೈಯಲ್ಲಿರುವ ಮೊಬೈಲು, ಇಷ್ಟು ಸಾಕು. ಆದರೆ ಸಂಘದ ಖರೀದಿ ಕೇಂದ್ರ, ಗೊಬ್ಬರದ ಮಳಿಗೆ, ಕಾಫಿ ಹಲ್ಲಿಂಗ್ ಘಟಕ, ಸುಲಿಯುವ ಯಂತ್ರವಿಟ್ಟು ಹತ್ತಾರು ಮನೆಯ ಅಡಿಕೆ ಪಡೆಯುವ ಸದಸ್ಯರ ಗೋದಾಮು, ಇಂಥ ಸ್ಥಳಗಳಲ್ಲಿ ಸಂಪರ್ಕ ನಿಂತರೆ ತೊಂದರೆ ಹತ್ತಾರು ಕುಟುಂಬಗಳಿಗೆ. ಸಂಘದ ಖರ್ಚಿಗೆ ಮಹಾಸಭೆಯಲ್ಲಿ ಕೈ ಎತ್ತುವವರು ಸದಸ್ಯರೇ ಆದುದರಿಂದ ಏನನ್ನು ಕೇಳಬೇಕು, ಯಾವುದಕ್ಕೆ ಹಣ ಕೊಡಬಾರದು ಎಂಬುದು ಅವರಿಗೆ ತಿಳಿದಿರುವುದು ಒಳ್ಳೆಯದು.

ಒಂದೇ ಮರಕ್ಕೆ ಎರಡೂ ಬೀಳಬಾರದು

ಎರಡನೆಯ ಸಂಪರ್ಕ ಆರಿಸುವಾಗ ಹೆಚ್ಚಿನವರು ಮೊದಲು ಕೇಳುವುದು ವೇಗ ಎಷ್ಟು, ತಿಂಗಳ ಬಾಡಿಗೆ ಎಷ್ಟು ಎಂದು. ಇವೆರಡೂ ಆಮೇಲಿನ ಪ್ರಶ್ನೆಗಳು. ಮೊದಲನೆಯ ಸಂಪರ್ಕ ಯಾವ ಕಾರಣದಿಂದ ನಿಲ್ಲುತ್ತದೆಯೋ ಅದೇ ಕಾರಣದಿಂದ ಎರಡನೆಯದೂ ನಿಲ್ಲುತ್ತದೆಯೇ ಎಂಬುದೇ ಮೊದಲ ಪ್ರಶ್ನೆ. ನಿಲ್ಲುವುದಾದರೆ ಎಷ್ಟು ಅಗ್ಗವಾದರೂ ಅದು ದುಡ್ಡು ದಂಡ.

ಲೆಕ್ಕ ಹಾಕಿ ನೋಡಿದರೆ ಇದು ಸ್ಪಷ್ಟವಾಗುತ್ತದೆ. ವರ್ಷಕ್ಕೆ 8,760 ಗಂಟೆಗಳು. ನೂರಕ್ಕೆ 99ರಷ್ಟು ಹೊತ್ತು ನಡೆಯುವ ಸಂಪರ್ಕವೆಂದರೆ ಕೇಳಲು ಚೆನ್ನಾಗಿದೆ. ಆದರೂ ಅದು ವರ್ಷದಲ್ಲಿ ಸುಮಾರು 88 ಗಂಟೆ ಸತ್ತಿರುತ್ತದೆ. ಅಂಥದೇ ಇನ್ನೊಂದನ್ನು ಜೊತೆಗಿಟ್ಟು, ಎರಡಕ್ಕೂ ಪರಸ್ಪರ ಸಂಬಂಧವೇ ಇಲ್ಲವೆಂದಾದರೆ, ಎರಡೂ ಒಟ್ಟಿಗೆ ಸಾಯುವುದು ನೂರರಲ್ಲಿ ಒಂದರ ನೂರರಲ್ಲಿ ಒಂದು ಪಾಲು. ಎಂದರೆ ವರ್ಷಕ್ಕೆ ಒಂದು ಗಂಟೆಗೂ ಕಡಿಮೆ. ಆದರೆ ಎರಡೂ ಒಂದೇ ಕಂಬದ ಮೇಲೆ ಬರುತ್ತಿದ್ದು, ಆ ಕಂಬ ಉರುಳುವುದೇ ಮುಖ್ಯ ತೊಂದರೆಯಾಗಿದ್ದರೆ, ಎರಡಕ್ಕೆ ಹಣ ಕೊಟ್ಟರೂ ಆ 88 ಗಂಟೆಯಲ್ಲಿ ಬಹುಪಾಲು ಹಾಗೇ ಉಳಿಯುತ್ತದೆ.

ನಮ್ಮ ಕಡೆ ಸಂಪರ್ಕ ನಿಲ್ಲಲು ಕಾರಣಗಳೇನು? ಮರ, ಕೊಂಬೆ, ಅಡಿಕೆ ಸೋಗೆ ಬಿದ್ದು ಕೇಬಲ್ ಹರಿಯುವುದು. ಮಳೆಗೆ ಮುಂಚೆ ಕಾಫಿ ತೋಟದಲ್ಲಿ ಮರಗಸಿ ಮಾಡುವಾಗ ಕೊಂಬೆಯ ಜೊತೆಗೆ ಕೇಬಲ್ಲೂ ಕೆಳಗಿಳಿಯುವುದು (ಈ ಒಂದು ಕಾರಣವಂತೂ ನಮ್ಮ ಕೈಯಲ್ಲೇ ಇದೆ, ಮರ ಹತ್ತುವವರಿಗೆ ಕೇಬಲ್ ಎಲ್ಲಿದೆಯೆಂದು ಮೊದಲೇ ತೋರಿಸಬೇಕು). ರಸ್ತೆ ಅಗಲ ಮಾಡುವ ಯಂತ್ರದ ಬಾಯಿಗೆ ನೆಲದೊಳಗಿನ ಕೇಬಲ್ ಸಿಕ್ಕುವುದು. ಅಳಿಲು, ಇಲಿ ಕಡಿಯುವುದು, ಮಂಗಗಳು ಜೋತಾಡುವುದು. ಕರೆಂಟು ಹೋಗುವುದು. ಏಪ್ರಿಲ್, ಮೇ ತಿಂಗಳ ಗುಡುಗು ಮಳೆಯಲ್ಲಿ ಸಿಡಿಲಿನಿಂದ ಪೆಟ್ಟಿಗೆಗಳು ಸುಡುವುದು. ಕಡೆಯದಾಗಿ, ಕಂಪೆನಿಯ ಸ್ವಂತ ಯಂತ್ರಗಳಲ್ಲಿ ದೋಷ ಕಾಣಿಸಿಕೊಳ್ಳುವುದು. ಇದಕ್ಕೂ ನಮ್ಮ ಮಳೆಗೂ ಸಂಬಂಧವಿಲ್ಲ.

ಎರಡು ಬೇರೆ ಕಂಪೆನಿಗಳ ಫೈಬರ್ ಹಾಕಿಸಿದರೆ ಸಾಲದೇ ಎಂದು ಕೇಳುವವರುಂಟು. ಪಟ್ಟಣದಲ್ಲಿ ಸಾಕಾಗಬಹುದು. ಹಳ್ಳಿಯಲ್ಲಿ ಎರಡೂ ಕಂಪೆನಿಗಳ ಕೇಬಲ್ ಬರುವುದು ಒಂದೇ ರಸ್ತೆಯ ಬದಿಯಲ್ಲಿ, ಹಲವು ಕಡೆ ಒಂದೇ ವಿದ್ಯುತ್ ಕಂಬದ ಮೇಲೆ. ಎರಡು ಬಣ್ಣದ ತಂತಿಗಳು ಒಂದೇ ಕಂಬಕ್ಕೆ ಕಟ್ಟಿರುವುದನ್ನು ಕಣ್ಣಾರೆ ನೋಡಿದ ಮೇಲೂ ಎರಡನೆಯದಕ್ಕೆ ಸಹಿ ಹಾಕುವುದು ಸರಿಯಲ್ಲ. ಕೇಬಲ್ ಹಾಕಿಸುವ ಮುನ್ನ ಲೈನ್‌ಮನ್ ಜೊತೆಗೆ ಒಂದೆರಡು ಮೈಲಿ ನಡೆದು ಅದು ಎಲ್ಲಿಂದ ಬರುತ್ತದೆ, ಯಾವ ಸೇತುವೆ ದಾಟುತ್ತದೆ ಎಂದು ನೋಡಿಕೊಳ್ಳಬೇಕು. ಕೊಡಗಿನಲ್ಲಿ 2018ರ ಆಗಸ್ಟ್ ತಿಂಗಳ ಮಳೆ ಮತ್ತು ಭೂಕುಸಿತದಲ್ಲಿ ರಸ್ತೆ, ವಿದ್ಯುತ್ತು, ದೂರಸಂಪರ್ಕ ಮೂರೂ ಒಟ್ಟಿಗೆ ಕಡಿದುಹೋದದ್ದು ಸದಸ್ಯರಿಗೆ ನೆನಪಿರಬಹುದು. ಗುಡ್ಡ ಜರಿದಾಗ ರಸ್ತೆಯ ಅಂಚಿನಲ್ಲಿರುವ ಕಂಬವೂ ಕೇಬಲ್ಲೂ ರಸ್ತೆಯ ಜೊತೆಗೇ ಇಳಿದು ಹೋಗುತ್ತವೆ.

ಹಾಗಾದರೆ ಒಂದು ಫೈಬರ್, ಇನ್ನೊಂದು ಮೊಬೈಲ್ ಎಂದಿಟ್ಟುಕೊಳ್ಳೋಣ. ಇದು ಸರಿಯಾದ ದಾರಿ. ಆದರೆ ಇಲ್ಲಿಯೂ ಒಂದು ಮರೆಯ ಕೊಂಡಿಯಿದೆ. ಗುಡ್ಡದ ಮೇಲಿನ ಟವರ್ ನಮ್ಮ ಫೋನಿನೊಡನೆ ಗಾಳಿಯಲ್ಲಿ ಮಾತನಾಡುತ್ತದೆ, ನಿಜ. ಆ ಮಾತನ್ನು ಪಟ್ಟಣಕ್ಕೆ ಸಾಗಿಸಲು ಟವರಿಗೂ ಒಂದು ದಾರಿ ಬೇಕು. ಕೆಲವು ಟವರುಗಳಿಗೆ ಆ ದಾರಿ ಫೈಬರ್, ಕೆಲವಕ್ಕೆ ಇನ್ನೊಂದು ಗುಡ್ಡದ ಕಡೆಗೆ ಮುಖ ಮಾಡಿದ, ದುಂಡನೆಯ ಡೋಲಿನಂತಹ ಮೈಕ್ರೋವೇವ್ ಆಂಟೆನಾ. ಟವರಿಗೆ ಹೋಗುವ ಫೈಬರ್ ನಮ್ಮ ಕಛೇರಿಗೆ ಬರುವ ಫೈಬರಿನ ಹಾದಿಯಲ್ಲೇ ಇದ್ದರೆ ಒಂದು ಮರ ಬಿದ್ದು ಎರಡೂ ಹೋಗುತ್ತವೆ. ಇನ್ನೊಂದು ವಿಷಯ: ಒಂದೇ ಟವರಿನ ಮೇಲೆ ಎರಡು ಮೂರು ಕಂಪೆನಿಗಳ ಆಂಟೆನಾಗಳಿರುವುದು ಈಗ ಸಾಮಾನ್ಯ. ಸಿಮ್ ಬೇರೆ ಕಂಪೆನಿಯದಾದರೂ ಬ್ಯಾಟರಿ, ಜನರೇಟರ್ ಒಂದೇ ಇರಬಹುದು. ಡೀಸೆಲ್ ತರುವ ಜೀಪು ಕೆಸರಿನಲ್ಲಿ ಸಿಕ್ಕಿಕೊಂಡರೆ ಮೂವರೂ ಒಟ್ಟಿಗೆ ಮೌನ.

ಇದನ್ನು ತಿಳಿಯುವುದು ಹೇಗೆ? ಕಂಪೆನಿಯ ಪ್ರತಿನಿಧಿಯನ್ನು ಕೇಳಿದರೆ ಎಲ್ಲವೂ ಬೇರೆ ಬೇರೆ ಎಂದೇ ಉತ್ತರ ಬರುತ್ತದೆ. ಅದಕ್ಕಿಂತ ನಂಬಿಕೆಗೆ ಯೋಗ್ಯವಾದುದು ನಮ್ಮದೇ ಒಂದು ನೋಟ್ ಪುಸ್ತಕ. ಮಳೆ ದಾಖಲಿಸಲು ತೋಟದಲ್ಲಿ ಪುಸ್ತಕ ಇಡುವ ರೂಢಿ ನಮ್ಮ ಬೆಳೆಗಾರರಲ್ಲಿ ತಲೆಮಾರುಗಳಿಂದ ಇದೆ. ಅದೇ ಪುಟದಲ್ಲಿ ಇನ್ನೊಂದು ಅಂಕಣ ಎಳೆಯಬೇಕು. ಫೈಬರ್ ಹೋದ ಹೊತ್ತು, ಬಂದ ಹೊತ್ತು. ಆಗ ಕರೆಂಟು ಇತ್ತೇ. ಆಗ ಯಾವ ಯಾವ ಕಂಪೆನಿಯ ಮೊಬೈಲಿನಲ್ಲಿ ಇಂಟರ್‌ನೆಟ್ ನಡೆಯುತ್ತಿತ್ತು. ಒಂದು ಮಳೆಗಾಲ ಬರೆದಿಟ್ಟರೆ ಯಾವುದು ಯಾವುದರ ಜೊತೆಗೆ ಸಾಯುತ್ತದೆ ಎಂಬುದು ತಾನಾಗಿಯೇ ಎದ್ದು ಕಾಣುತ್ತದೆ. ಫೈಬರ್ ಹೋದ ಹತ್ತು ಸಲದಲ್ಲಿ ಒಂಬತ್ತು ಸಲ ನಡೆಯುತ್ತಿದ್ದ ಸಿಮ್ ಯಾವುದೋ ಅದೇ ನಮಗೆ ಬೇಕಾದ ಎರಡನೆಯ ಸಂಪರ್ಕ, ಅದರ ವೇಗ ಕಡಿಮೆಯಿದ್ದರೂ ಸರಿಯೇ.

ಈ ಮರೆಯ ಕೊಂಡಿಯ ತೊಂದರೆ ಹಳ್ಳಿಗಳಿಗೆ ಮಾತ್ರ ಇರುವುದಲ್ಲ. ಕೆನಡಾ ದೇಶದಲ್ಲಿ 2022ರ ಜುಲೈ 8ರಂದು ರೋಜರ್ಸ್ ಎಂಬ ದೊಡ್ಡ ದೂರಸಂಪರ್ಕ ಕಂಪೆನಿಯ ಜಾಲ ಬೆಳಗಿನ ಜಾವದಲ್ಲಿ ಕುಸಿಯಿತು. ಜಾಲವನ್ನು ಉತ್ತಮಪಡಿಸುವ ಕೆಲಸದ ನಡುವೆ ರೂಟರಿನ ಒಂದು ಸೋಸುವ ನಿಯಮವನ್ನು ತೆಗೆದುಹಾಕಿದ್ದರಿಂದ ಮಾಹಿತಿಯ ಪ್ರವಾಹ ನಡುಜಾಲಕ್ಕೆ ನುಗ್ಗಿ ಅದನ್ನು ಮುಳುಗಿಸಿತೆಂದು ಆಮೇಲೆ ನಡೆದ ವಿಚಾರಣೆಯಲ್ಲಿ ತಿಳಿಯಿತು. ಆ ಕಂಪೆನಿಯ ತಂತಿಯ ಇಂಟರ್‌ನೆಟ್ಟೂ ಮೊಬೈಲೂ ಒಂದೇ ನಡುಜಾಲವನ್ನು ಹಂಚಿಕೊಂಡಿದ್ದುದರಿಂದ ಎರಡೂ ಒಟ್ಟಿಗೆ ನಿಂತವು. 1 ಕೋಟಿ 20 ಲಕ್ಷಕ್ಕೂ ಹೆಚ್ಚು ಗ್ರಾಹಕರಿಗೆ ಸಂಪರ್ಕವಿಲ್ಲವಾಯಿತು. ಇಂಟರಾಕ್ ಎಂಬ ರಾಷ್ಟ್ರವ್ಯಾಪಿ ಪಾವತಿ ವ್ಯವಸ್ಥೆ ಅದೇ ಜಾಲವನ್ನು ನೆಚ್ಚಿಕೊಂಡಿದ್ದರಿಂದ ಅಂಗಡಿಗಳಲ್ಲಿ ಡೆಬಿಟ್ ಕಾರ್ಡ್ ನಡೆಯಲಿಲ್ಲ. ದುರಸ್ತಿ ಮಾಡಬೇಕಾದ ನೌಕರರೂ ಅದೇ ಕಂಪೆನಿಯ ಫೋನುಗಳನ್ನು ಹಿಡಿದಿದ್ದರು. ಒಬ್ಬರಿಗೊಬ್ಬರು ಮಾತನಾಡಲಾಗದೆ ಹೊತ್ತು ಇನ್ನಷ್ಟು ಹೋಯಿತು. ಫೈಬರ್ ಯಾವ ಕಂಪೆನಿಯದೋ ಸಿಮ್ ಆ ಕಂಪೆನಿಯದಾಗಿರಬಾರದು ಎಂದು ನಾವು ಒತ್ತಿ ಹೇಳುವುದು ಈ ಕಾರಣದಿಂದ. ಎರಡನ್ನೂ ಒಟ್ಟಿಗೆ ಕೊಂಡರೆ ರಿಯಾಯಿತಿ ಎಂದು ಹೇಳಿಕೊಂಡು ಬರುವವರ ಮಾತನ್ನು ಮನೆಯ ಮಟ್ಟಿಗೆ ಒಪ್ಪಬಹುದು, ಖರೀದಿ ಕೇಂದ್ರಕ್ಕೆ ಬೇಡ.

ಯಾವ ಯಾವ ಬಗೆ

ಮೊದಲ ಸಂಪರ್ಕ ಸಿಕ್ಕುವ ಕಡೆಯಲ್ಲೆಲ್ಲ ಫೈಬರ್ ಆಗಿರಲಿ. ಗಾಜಿನ ಎಳೆಗೆ ಮಳೆಯಿಂದ ಬಾಧೆಯಿಲ್ಲ, ಹರಿಯುವುದು ಬೆಳಕಾದುದರಿಂದ ಹಳೆಯ ತಾಮ್ರದ ತಂತಿಯಂತೆ ಸಿಡಿಲಿನ ಹೊಡೆತವನ್ನು ಒಳಗೆ ತರುವುದಿಲ್ಲ. (ಕೇಬಲಿನ ಜೊತೆಗಿರುವ ಉಕ್ಕಿನ ಆಸರೆ ತಂತಿಯ ಮಾತು ಬೇರೆ, ಅದನ್ನು ಗೋಡೆಯ ಹೊರಗೇ ನಿಲ್ಲಿಸಿ, ಬರಿಯ ಎಳೆಯನ್ನು ಒಳಗೆ ತರಬೇಕು.) ಫೈಬರ್ ಪೆಟ್ಟಿಗೆಯ ಮೇಲಿನ ದೀಪಗಳನ್ನು ಓದಲು ಕಛೇರಿಯಲ್ಲಿ ಎಲ್ಲರೂ ಕಲಿಯಬೇಕು. ಎಲ್.ಒ.ಎಸ್. ಎಂದು ಬರೆದಿರುವಲ್ಲಿ ಕೆಂಪು ದೀಪ ಉರಿದರೆ ಬೆಳಕು ನಮ್ಮವರೆಗೆ ಬರುತ್ತಿಲ್ಲ, ಎಂದರೆ ಸಾಮಾನ್ಯವಾಗಿ ಕೇಬಲ್ ಎಲ್ಲೋ ಹರಿದಿದೆ. ಕೆಂಪು ದೀಪವಿಲ್ಲದೆ ಪಿ.ಒ.ಎನ್. ದೀಪ ಸ್ಥಿರವಾಗಿ ಉರಿಯುತ್ತಿದ್ದು ಇಂಟರ್‌ನೆಟ್ ಇಲ್ಲವಾದರೆ ತೊಂದರೆ ಬಹುತೇಕ ಆಚೆ, ಕಂಪೆನಿಯ ಕಡೆ ಇದೆ. ಯಾವ ದೀಪವೂ ಇಲ್ಲವೆಂದರೆ ನಮ್ಮ ಕರೆಂಟನ್ನೇ ನೋಡಿಕೊಳ್ಳಬೇಕು. ‘ನೆಟ್ ಇಲ್ಲ’ ಎಂದಷ್ಟೇ ದೂರು ಕೊಡುವುದಕ್ಕೂ ‘ಕೆಂಪು ದೀಪ ಉರಿಯುತ್ತಿದೆ’ ಎಂದು ಹೇಳುವುದಕ್ಕೂ ವ್ಯತ್ಯಾಸವಿದೆ. ಎರಡನೆಯದಕ್ಕೆ ಲೈನ್‌ಮನ್ ಏಣಿಯನ್ನು ಜೊತೆಗೇ ತರುತ್ತಾನೆ.

ಎರಡನೆಯದಕ್ಕೆ ನಮ್ಮ ಕಡೆಯ ಬಹುಪಾಲು ಸ್ಥಳಗಳಿಗೆ ಹೊಂದುವುದು 4ಜಿ ಸಿಮ್ ಹಾಕುವ ರೂಟರ್. ಖರೀದಿ ಬಿಲ್ಲು, ಬ್ಯಾಂಕ್ ಪಾವತಿ, ಇ-ವೇ ಬಿಲ್ ಇವಕ್ಕೆ ಬೇಕಾಗುವ ವೇಗ ಬಹಳ ಕಡಿಮೆ. ಸೆಕೆಂಡಿಗೆ ಒಂದೆರಡು ಮೆಗಾಬಿಟ್ ತಪ್ಪದೆ ಸಿಕ್ಕರೆ ಕೆಲಸ ಸಾಗುತ್ತದೆ. ಆದುದರಿಂದ 5ಜಿ ಎಂಬ ಅಕ್ಷರ ನೋಡಿ ಹೆಚ್ಚು ಹಣ ಕೊಡುವ ಅಗತ್ಯವಿಲ್ಲ. 700, 850, 900 ಮೆಗಾಹರ್ಟ್ಸ್‌ನಂತಹ ಕೆಳಗಿನ ತರಂಗಗಳು ಗುಡ್ಡ, ಮರಗಳನ್ನು ಸುತ್ತಿ ದೂರಕ್ಕೆ ಬರುತ್ತವೆ. 2,300 ಮತ್ತು 3,300 ಮೆಗಾಹರ್ಟ್ಸ್‌ನಂತಹ ಮೇಲಿನವು ವೇಗ ಹೆಚ್ಚು ಕೊಟ್ಟರೂ ಒದ್ದೆಯಾದ ಎಲೆಗಳ ಗುಂಪು ಅಡ್ಡ ಬಂದರೆ ಸೋಲುತ್ತವೆ. ಬೇಸಿಗೆಯಲ್ಲಿ ಚೆನ್ನಾಗಿದ್ದ ಸಂಕೇತ ಜುಲೈನಲ್ಲಿ ಕುಗ್ಗುವುದಕ್ಕೆ ಇದೂ ಒಂದು ಕಾರಣ.

ಫೋನಿನ ಮೇಲೆ ಕಾಣುವ ಕಡ್ಡಿಗಳನ್ನು ನೆಚ್ಚಬೇಡಿ. ಫೋನಿನ ಸೆಟ್ಟಿಂಗ್ಸ್‌ನಲ್ಲಿ ಸಿಮ್‌ನ ವಿವರದೊಳಗೆ ಸಂಕೇತದ ಬಲವನ್ನು ಡಿ.ಬಿ.ಎಂ. ಎಂಬ ಅಳತೆಯಲ್ಲಿ, ಮೈನಸ್ ಚಿಹ್ನೆಯೊಡನೆ ತೋರಿಸಿರುತ್ತದೆ. 4ಜಿಗೆ ಮೈನಸ್ 85ರ ಆಸುಪಾಸು ಎಂದರೆ ಉತ್ತಮ, ಮೈನಸ್ 100 ಸಾಧಾರಣ, ಮೈನಸ್ 115 ಎಂದರೆ ಇದ್ದೂ ಇಲ್ಲದಂತೆ. ಅಂಕಿ 10 ಇಳಿದರೆ ಬಲ ಹತ್ತರಲ್ಲಿ ಒಂದಾಯಿತೆಂದು ಅರ್ಥ. ಕಛೇರಿಯ ಮೇಜಿನ ಮೇಲೆ, ಕಿಟಕಿಯ ಬಳಿ, ಮಾಡಿನ ಮೇಲೆ, ಹೀಗೆ ನಾಲ್ಕಾರು ಕಡೆ ಅಳೆದರೆ ಎಷ್ಟು ವ್ಯತ್ಯಾಸವೆಂದು ಆಶ್ಚರ್ಯವಾಗುತ್ತದೆ. ತಗಡಿನ ಮಾಡಿನ ಗೋದಾಮಿನೊಳಗೆ ಸಿಗದ ಸಂಕೇತ ಹೊರಗೆ ಕಂಬದ ತುದಿಯಲ್ಲಿ ಧಾರಾಳವಾಗಿರಬಹುದು. ಅಂಥಲ್ಲಿ ಹೊರಗೆ ಇಡಲೆಂದೇ ತಯಾರಿಸಿದ ರೂಟರನ್ನು ಕಂಬದ ಮೇಲೇರಿಸಿ, ಅಲ್ಲಿಂದ ನೆಟ್‌ವರ್ಕ್ ಕೇಬಲ್ ಕೆಳಗಿಳಿಸುವುದು ಲೇಸು. ಆ ಕೇಬಲ್ 100 ಮೀಟರು ಮೀರಬಾರದು. ಪೇಟೆಯಲ್ಲಿ ‘ಬೂಸ್ಟರ್’ ಎಂದು ಮಾರುವ ಸಾಧನಗಳನ್ನು ತರಬೇಡಿ. ಪರವಾನಗಿಯಿಲ್ಲದೆ ಅವನ್ನು ಇಟ್ಟುಕೊಳ್ಳುವುದು ಕಾನೂನಿಗೆ ವಿರುದ್ಧ, ಮೇಲಾಗಿ ಅವು ಟವರನ್ನೇ ಗೊಂದಲಪಡಿಸಿ ಊರಿನವರೆಲ್ಲರ ಫೋನು ಕೆಡಿಸುತ್ತವೆ.

ಕಣಿವೆಯಲ್ಲಿರುವ ಕೆಲವು ಕೇಂದ್ರಗಳಿಗೆ ಮೊಬೈಲ್ ಸಂಕೇತವೇ ಬಾರದು. ಎದುರು ಗುಡ್ಡದ ಮೇಲಿನ ಮನೆಗೆ ಬೇರೆ ದಿಕ್ಕಿನಿಂದ ಸಂಪರ್ಕ ಬರುತ್ತಿದ್ದು, ಎರಡು ಕಡೆಯೂ ಒಂದೇ ಸಂಸ್ಥೆಗೆ ಸೇರಿದ್ದರೆ, ಎರಡಕ್ಕೂ ನಡುವೆ 5 ಗಿಗಾಹರ್ಟ್ಸ್‌ನ ನಿಸ್ತಂತು ಕೊಂಡಿ ಹಾಕಬಹುದು. ನಿಗದಿತ ಶಕ್ತಿಯ ಮಿತಿಯೊಳಗೆ ಈ ತರಂಗಗಳಿಗೆ 2018ರಿಂದ ಪರವಾನಗಿ ಬೇಕಿಲ್ಲ. ಒಂದು ಕಡೆಯ ಆಂಟೆನಾದಿಂದ ಇನ್ನೊಂದು ಕಡೆಯದು ಕಣ್ಣಿಗೆ ಕಾಣಬೇಕು, ನಡುವೆ ಮರ ಇರಬಾರದು. ಸಿಲ್ವರ್ ಮರ ವರ್ಷವರ್ಷಕ್ಕೂ ಏರುವುದನ್ನು ಮರೆತು ಕಂಬ ನೆಟ್ಟರೆ ಮೂರನೆಯ ವರ್ಷಕ್ಕೆ ಕೊಂಡಿ ಕಡಿಯುತ್ತದೆ.

ಉಪಗ್ರಹದ ಸಂಪರ್ಕಕ್ಕೆ ಕಂಬವೂ ಬೇಡ, ಟವರೂ ಬೇಡ. ಆ ದೃಷ್ಟಿಯಿಂದ ನಮ್ಮ ಮುಖ್ಯ ಪ್ರಶ್ನೆಗೆ ಇದರಷ್ಟು ಒಳ್ಳೆಯ ಉತ್ತರ ಇನ್ನೊಂದಿಲ್ಲ. ಆದರೆ ಹಳೆಯ ಬಗೆಯ ಉಪಗ್ರಹ ಇರುವುದು 35,786 ಕಿ.ಮೀ. ಎತ್ತರದಲ್ಲಿ, ಪ್ರಶ್ನೆ ಹೋಗಿ ಉತ್ತರ ಬರಲು ಸುಮಾರು ಅರ್ಧ ಸೆಕೆಂಡು ಹಿಡಿಯುತ್ತದೆ. ಬಿಲ್ಲಿಗೆ ಇದು ಅಡ್ಡಿಯಲ್ಲ, ಆದರೆ ಜೋರು ಮಳೆಯಲ್ಲಿ ಸಂಕೇತ ಕುಂದುತ್ತದೆ. ವರ್ಷಕ್ಕೆ 7,000 ಮಿಲಿಮೀಟರಿಗೂ ಮಿಕ್ಕಿ ಮಳೆ ಬೀಳುವ ಆಗುಂಬೆಯ ಸುತ್ತಮುತ್ತಲಿನವರು ಇದನ್ನು ಯೋಚಿಸಬೇಕು. ಸುಮಾರು 550 ಕಿ.ಮೀ. ಎತ್ತರದ ಉಪಗ್ರಹಗಳ ಸ್ಟಾರ್‌ಲಿಂಕ್ ಸಂಸ್ಥೆ 2025ರ ಜೂನ್‌ನಲ್ಲಿ ನಮ್ಮ ದೂರಸಂಪರ್ಕ ಇಲಾಖೆಯಿಂದ ಪರವಾನಗಿ ಪಡೆಯಿತು. ಅದರ ತಟ್ಟೆಗೆ ತಲೆಯ ಮೇಲಿನ ಆಕಾಶ ವಿಶಾಲವಾಗಿ ತೆರೆದಿರಬೇಕು; ಮರಗಳ ನೆರಳಿನಲ್ಲಿ ಅಡಗಿರುವ ನಮ್ಮ ಕಛೇರಿಗಳಿಗೆ ಅದೇ ಕಷ್ಟ. ಯಾವ ಉಪಗ್ರಹ ಸೇವೆಯೇ ಆಗಲಿ, ಸಲಕರಣೆಯನ್ನು ಅಧಿಕೃತ ಮಾರಾಟಗಾರರಿಂದ ಮಾತ್ರ ಕೊಳ್ಳಬೇಕು.

ಕರೆಂಟು ಮತ್ತು ಒ.ಟಿ.ಪಿ.

ಹಿಂದಿನ ಕಪ್ಪು ಟೆಲಿಫೋನು ಕರೆಂಟು ಹೋದರೂ ನಡೆಯುತ್ತಿತ್ತು. ಎಕ್ಸ್‌ಚೇಂಜಿನ ಬ್ಯಾಟರಿಯಿಂದ 48 ವೋಲ್ಟು ತಂತಿಯಲ್ಲೇ ಬರುತ್ತಿತ್ತು. ಫೈಬರಿನಲ್ಲಿ ಬರುವುದು ಬೆಳಕು ಮಾತ್ರ, ನಮ್ಮ ಪೆಟ್ಟಿಗೆಗೆ ನಾವೇ ಕರೆಂಟು ಕೊಡಬೇಕು. ಎರಡು ಸಂಪರ್ಕಗಳಿಗೆ ಹಣ ಕೊಟ್ಟು ಎರಡನ್ನೂ ಒಂದೇ ಗೋಡೆಯ ಪ್ಲಗ್ಗಿಗೆ ಸಿಕ್ಕಿಸಿದರೆ ಕರೆಂಟು ಹೋದ ಕ್ಷಣ ಎರಡೂ ಹೋದವು. ಈ ಪೆಟ್ಟಿಗೆಗಳಲ್ಲಿ ಹೆಚ್ಚಿನವು 12 ವೋಲ್ಟಿನವು, ಎಳೆಯುವುದು ಹತ್ತು ಹನ್ನೆರಡು ವಾಟು. 12 ವೋಲ್ಟಿನ, 7 ಆಂಪಿಯರ್-ಅವರ್ ಬ್ಯಾಟರಿಯಲ್ಲಿ 84 ವಾಟ್-ಅವರ್ ಶಕ್ತಿ ಇರುತ್ತದೆ. 12 ವಾಟಿನ ಪೆಟ್ಟಿಗೆಗೆ ಲೆಕ್ಕದಲ್ಲಿ ಏಳು ಗಂಟೆ, ವಾಸ್ತವದಲ್ಲಿ ನಾಲ್ಕೈದು ಗಂಟೆ. ರೂಟರಿಗೆಂದೇ ಇರುವ ಚಿಕ್ಕ ಯು.ಪಿ.ಎಸ್. ಕೊಳ್ಳುವುದು ಎರಡನೆಯ ಸಂಪರ್ಕಕ್ಕಿಂತಲೂ ಮೊದಲು ಮಾಡಬೇಕಾದ ಖರ್ಚು. ಕೆಲವು ಕಡೆ ಇದನ್ನು ಮಾಡಿದ ಮೇಲೆ ಎರಡನೆಯ ಸಂಪರ್ಕದ ಅಗತ್ಯವೇ ಅರ್ಧ ಕಡಿಮೆಯಾಗುತ್ತದೆ. ಏಪ್ರಿಲ್, ಮೇ ತಿಂಗಳ ಗುಡುಗಿನ ಸಂಜೆ ಕಛೇರಿ ಮುಚ್ಚುವಾಗ ಪ್ಲಗ್ಗನ್ನೂ, ಕಟ್ಟಡದಿಂದ ಕಟ್ಟಡಕ್ಕೆ ಎಳೆದ ನೆಟ್‌ವರ್ಕ್ ಕೇಬಲನ್ನೂ ಬಿಡಿಸಿಡುವುದು ಮೇಲು.

ಹೆಚ್ಚಿನವರ ಗಮನಕ್ಕೆ ಬಾರದ ಒಂದು ಸಂಗತಿಯೆಂದರೆ ಬ್ಯಾಂಕಿನ ಒ.ಟಿ.ಪಿ. ಫೈಬರ್ ಸರಿಯಾಗಿದ್ದು ಟವರ್ ಮಾತ್ರ ಸತ್ತಿರುವ ದಿನ ಕಂಪ್ಯೂಟರಿನಲ್ಲಿ ಎಲ್ಲವೂ ತೆರೆಯುತ್ತದೆ, ಆದರೆ ಒ.ಟಿ.ಪಿ. ಬರಬೇಕಾದ ಫೋನಿಗೆ ಸಂಕೇತವಿಲ್ಲ. ಪಾವತಿ ಅಲ್ಲಿಗೇ ನಿಂತಿತು. ಈಗಿನ ಹೆಚ್ಚಿನ ಫೋನುಗಳಲ್ಲಿ ವೈಫೈ ಮೂಲಕ ಕರೆ ಎಂಬ ಸೌಲಭ್ಯವಿದೆ. ಅದನ್ನು ತೆರೆದಿಟ್ಟರೆ ಟವರಿಲ್ಲದಾಗಲೂ ಫೈಬರಿನ ಮೂಲಕ ಕರೆ ಬರುತ್ತದೆ. ಒ.ಟಿ.ಪಿ. ಸಂದೇಶವೂ ಹಾಗೆ ಬರುತ್ತದೆಯೇ ಎಂದು ನಿಮ್ಮ ಫೋನು, ನಿಮ್ಮ ಸಿಮ್‌ನಲ್ಲಿ ಬಿಡುವಿರುವ ದಿನವೇ ಪರೀಕ್ಷಿಸಿ ನೋಡಬೇಕು.

ಒಂದರಿಂದ ಇನ್ನೊಂದಕ್ಕೆ ಬದಲಾಗುವುದು

ಎರಡು ಸಂಪರ್ಕಗಳನ್ನೂ ಸ್ವೀಕರಿಸಿ, ಒಂದು ನಿಂತರೆ ತಾನಾಗಿ ಇನ್ನೊಂದಕ್ಕೆ ಹೊರಳುವ ರೂಟರುಗಳಿವೆ. ಕೊಳ್ಳುವಾಗ ಕೇಳಬೇಕಾದ್ದು ಇಷ್ಟು: ಸಂಪರ್ಕ ನಿಂತಿತೆಂದು ಅದು ಹೇಗೆ ತಿಳಿಯುತ್ತದೆ? ಕೇಬಲ್ ಸಿಕ್ಕಿಸಿದೆಯೇ ಎಂದಷ್ಟೇ ನೋಡುವ ರೂಟರಿನಿಂದ ಪ್ರಯೋಜನ ಕಡಿಮೆ. ಫೈಬರ್ ಮೂರು ಮೈಲಿ ಆಚೆ ಹರಿದಿದ್ದರೂ ಅದಕ್ಕೆ ಎಲ್ಲವೂ ಸರಿಯಾಗಿಯೇ ಕಾಣುತ್ತದೆ. ದೂರದ ಯಾವುದಾದರೊಂದು ವಿಳಾಸವನ್ನು ಆಗಾಗ ಕೂಗಿ, ಉತ್ತರ ಬಂತೇ ಎಂದು ಪರೀಕ್ಷಿಸುವ ಏರ್ಪಾಡು ಇರಬೇಕು. ದಿನಕ್ಕೆ ನಾಲ್ಕೈದು ಬಿಲ್ಲು ಮಾಡುವ ಚಿಕ್ಕ ಕೇಂದ್ರಕ್ಕೆ ಇಂಥ ರೂಟರೂ ಬೇಡ. ಫೋನಿನ ಹಾಟ್‌ಸ್ಪಾಟ್ ತೆರೆದು ಕಂಪ್ಯೂಟರನ್ನು ಅದಕ್ಕೆ ಸೇರಿಸಲು ಗುಮಾಸ್ತರಿಗೆ ಬಂದರೆ ಸಾಕು.

ಸಂಪರ್ಕ ಹೊರಳಿದಾಗ ಬ್ಯಾಂಕಿನ ತಾಣ ಸಾಮಾನ್ಯವಾಗಿ ನಮ್ಮನ್ನು ಹೊರಗೆ ಹಾಕುತ್ತದೆ. ಮತ್ತೆ ಒಳಹೊಕ್ಕ ಕೂಡಲೇ ಪಾವತಿಯನ್ನು ಇನ್ನೊಮ್ಮೆ ಒತ್ತಬಾರದು. ಮೊದಲಿನದು ಹೋಗಿದೆಯೇ ಎಂದು ಖಾತೆಯ ವಿವರ ನೋಡಿ ಮುಂದುವರಿಯಬೇಕು. ಒಬ್ಬರಿಗೆ ಎರಡು ಸಲ ಹೋದ ಹಣವನ್ನು ಮರಳಿ ಪಡೆಯುವುದು ಎಷ್ಟೇ ಒಳ್ಳೆಯ ಸದಸ್ಯರಾದರೂ ಮುಜುಗರದ ಕೆಲಸ. ಇನ್ನು, ಸಿಸಿ ಕ್ಯಾಮೆರಾ, ಕಂಪ್ಯೂಟರಿನ ಸ್ವಯಂ ನವೀಕರಣ ಮುಂತಾದುವು ಮೊಬೈಲ್ ಸಂಪರ್ಕದ ಮೇಲೆ ಓಡದಂತೆ ತಡೆದಿಡಬೇಕು, ಇಲ್ಲವಾದರೆ ದಿನದ ಡೇಟಾ ಮಧ್ಯಾಹ್ನದೊಳಗೆ ಖಾಲಿ. ಮುಖ್ಯ ಕಛೇರಿಯಿಂದ ಕ್ಯಾಮೆರಾ ನೋಡುವ ಏರ್ಪಾಡು ಸಿಮ್‌ನ ಮೇಲೆ ನಡೆಯದಿರಬಹುದು, ಏಕೆಂದರೆ ಮೊಬೈಲ್ ಕಂಪೆನಿಗಳು ಸಾಮಾನ್ಯವಾಗಿ ಪ್ರತಿಯೊಬ್ಬರಿಗೂ ಪ್ರತ್ಯೇಕ ವಿಳಾಸ ಕೊಡುವುದಿಲ್ಲ. ಅದಕ್ಕಾಗಿ ಚಿಂತಿಸಬೇಕಾಗಿಲ್ಲ.

ರೂಟರಿನೊಳಗೆ ಹಾಕಿ ಮರೆತ ಸಿಮ್‌ಗೆ ಜೀವವಿರುವುದಿಲ್ಲ ಎಂಬುದನ್ನು ಮಾತ್ರ ಮರೆಯಬಾರದು. ಪ್ರೀಪೇಯ್ಡ್ ಅವಧಿ ಮುಗಿದಿರುತ್ತದೆ. 90 ದಿನ ಬಳಕೆಯೇ ಇಲ್ಲದಿದ್ದರೆ ಸಿಮ್ ರದ್ದಾಗಿಬಿಡುವ ಸಂಭವವೂ ಇದೆ. ರೀಚಾರ್ಜಿನ ತಾರೀಖನ್ನು ಗೋಡೆಯ ಪಂಚಾಂಗದಲ್ಲಿ ಗುರುತು ಹಾಕಿಡುವುದೇ ಸುಲಭ.

ಏನೂ ಇಲ್ಲದ ದಿನ

ಎರಡೂ ನಿಲ್ಲುವ ದಿನವೂ ಬರುತ್ತದೆ. ಆ ದಿನ ಮಳೆಯಲ್ಲಿ ಜೀಪಿನ ಬಾಡಿಗೆ ಕೊಟ್ಟು ಅಡಿಕೆ ತಂದ ಸದಸ್ಯರನ್ನು ಹಿಂದಕ್ಕೆ ಕಳಿಸಬಾರದು. ಕ್ರಮಸಂಖ್ಯೆ ಮುದ್ರಿಸಿದ ತೂಕದ ಚೀಟಿ ಪುಸ್ತಕ ಪ್ರತಿ ಕೇಂದ್ರದಲ್ಲೂ ಇರಲಿ. ತೂಕ, ದರ್ಜೆ, ಆ ದಿನದ ಧಾರಣೆ ಬರೆದು ಇಬ್ಬರೂ ಸಹಿ ಮಾಡಿ, ಸಂಪರ್ಕ ಬಂದ ಮೇಲೆ ಅದೇ ಸಂಖ್ಯೆ ನಮೂದಿಸಿ ಕಂಪ್ಯೂಟರಿಗೆ ಏರಿಸಬಹುದು. ಧಾರಣೆ ಚೀಟಿಯಲ್ಲಿ ಬರೆದಿರುವುದು ಮುಖ್ಯ. ಎರಡು ದಿನ ಬಿಟ್ಟು ಬಿಲ್ಲಾದಾಗ ದರ ಇಳಿದಿದ್ದರೆ ಆ ನಷ್ಟ ಬೆಳೆಗಾರರ ತಲೆಗೆ ಬರಬಾರದು. ಹಣ ಪಾವತಿಗೂ ಈಗ ಮೊದಲಿನ ಆತುರವಿಲ್ಲ. ನೆಫ್ಟ್ 2019ರ ಡಿಸೆಂಬರಿನಿಂದ, ಆರ್.ಟಿ.ಜಿ.ಎಸ್. 2020ರ ಡಿಸೆಂಬರಿನಿಂದ ದಿನದ 24 ಗಂಟೆಯೂ ನಡೆಯುತ್ತಿವೆ. ಹಗಲು ನಿಂತ ಪಾವತಿಯನ್ನು ರಾತ್ರಿ ಕಳಿಸಬಹುದು.

ಲಾರಿ ಹೊರಡಿಸುವುದಕ್ಕೆ ಇಂಟರ್‌ನೆಟ್ ಅಂಗಳದಲ್ಲೇ ಇರಬೇಕೆಂದಿಲ್ಲ. 50,000 ರೂಪಾಯಿ ಮೀರಿದ ಸರಕಿಗೆ ಬೇಕಾಗುವ ಇ-ವೇ ಬಿಲ್ಲಿನಲ್ಲಿ ಎರಡು ಭಾಗಗಳಿವೆ. ಸರಕಿನ ವಿವರದ ಮೊದಲ ಭಾಗವನ್ನು ಮುಂಚೆಯೇ ತುಂಬಿಡಬಹುದು, ಅದು 15 ದಿನ ಊರ್ಜಿತ. ಎರಡನೆಯ ಭಾಗಕ್ಕೆ ಬೇಕಾದುದು ಲಾರಿಯ ನಂಬರು. ಅದನ್ನು ಫೋನಿನಲ್ಲಿ ಹೇಳಿದರೆ ಸಂಪರ್ಕವಿರುವ ಇನ್ನೊಂದು ಶಾಖೆಯವರು ತುಂಬಬಲ್ಲರು. ಬಿಲ್ಲಿನ ಅವಧಿ ಎಣಿಕೆಯಾಗುವುದು ಎರಡನೆಯ ಭಾಗ ತುಂಬಿದಂದಿನಿಂದ, 200 ಕಿ.ಮೀ.ಗೆ ಒಂದು ದಿನದಂತೆ. ವಿಮೆಯ ನೋಂದಣಿಗೆ ಮಾತ್ರ ಇಂಥ ಯಾವ ಒಳದಾರಿಯೂ ಇಲ್ಲ. ಪ್ರಕಟಣೆ ಬಂದ ವಾರದಲ್ಲೇ ಕಾಗದಪತ್ರ ಕೊಟ್ಟು ಮುಗಿಸಬೇಕು.

ಮೇ ತಿಂಗಳ ಕೊನೆಯ ವಾರ, ಖರೀದಿ ನಡೆಯುತ್ತಿರುವ ಒಂದು ಸಾಮಾನ್ಯ ದಿನ, ಹೇಳದೆ ಕೇಳದೆ ಫೈಬರಿನ ಕೇಬಲನ್ನು ಕಿತ್ತು ನೋಡಬೇಕು. ಆ ದಿನ ವ್ಯವಸ್ಥಾಪಕರು ರಜೆಯಲ್ಲಿದ್ದರೆ ಇನ್ನೂ ಒಳ್ಳೆಯದು. ಜುಲೈನಲ್ಲಿ ಮರ ಬೀಳುವಾಗ ಅವರು ಕುರ್ಚಿಯಲ್ಲೇ ಇರುತ್ತಾರೆಂಬ ನಂಬಿಕೆಯಿಲ್ಲ. ಎಷ್ಟು ನಿಮಿಷದಲ್ಲಿ ಮುಂದಿನ ಬಿಲ್ಲು ಹೊರಬಂತು, ಒ.ಟಿ.ಪಿ. ಬಂತೇ, ಮುದ್ರಣ ಯಂತ್ರ ನಡೆಯಿತೇ ಎಂದು ಅದೇ ನೋಟ್ ಪುಸ್ತಕದಲ್ಲಿ ಬರೆದು, ಬಳಿಕ ಮುಖ್ಯ ಸ್ವಿಚ್ಚನ್ನೂ ಆರಿಸಿ ಇನ್ನೊಮ್ಮೆ ನೋಡಬೇಕು. ಮೂಟೆ ತಂದು ಸಾಲಿನಲ್ಲಿ ನಿಂತ ಸದಸ್ಯರಿಗೆ ಕಾರಣ ತಿಳಿಸಿದರೆ ಹತ್ತು ನಿಮಿಷ ಕಾಯಲು ಯಾರೂ ಬೇಡವೆನ್ನುವುದಿಲ್ಲ.